ಲಿಪಿಕಾರನ ಒಂದು ಪುಟ

ಅವನ ಕೆಲಸವನ್ನು ಕಿತ್ತುಕೊಂಡದ್ದು ಮನುಷ್ಯರಲ್ಲ, ಒಂದು ದನಿ. ಕಂಪ್ಯೂಟರಿನೊಳಗೆ ಕೂತು, ಒತ್ತಿದ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಹೇಳುವ, ಮೂಗಿನಿಂದ ಮಾತಾಡಿದಂತಿದ್ದ ಒಂದು ಹೆಂಗಸಿನ ದನಿ.

ಅದು ಬರುವ ಮೊದಲು ಆ ಮನೆಯಲ್ಲಿ ಅವನಿದ್ದ. ಲೇಖಕಿಗೆ ಕಣ್ಣು ಪೂರ್ತಿ ಹೋದ ವರ್ಷ ಸೇರಿಕೊಂಡವನು, ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದ. ಅವಳು ಅವನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮೊದಲ ದಿನದಿಂದಲೂ ‘ಲಿಪಿಕಾರ’. ಅವಳು ಪದಕ್ಕೆ ತಡಕಾಡಿದಾಗ ಪದ ಕೊಟ್ಟವನು ಅವನು. ಅಡ್ಡಾದಿಡ್ಡಿ ಹೋದ ವಾಕ್ಯವನ್ನು ಸದ್ದಿಲ್ಲದೆ ನೆಟ್ಟಗೆ ಮಾಡಿದವನೂ ಅವನೇ. ವಿಮರ್ಶಕರು ಮೆಚ್ಚಿ ಎತ್ತಿ ತೋರಿಸಿದ ಸಾಲುಗಳಲ್ಲಿ ಅರ್ಧ ತನ್ನವೇ ಎಂದು ಅವನು ನಂಬಿದ್ದ. ಪುಸ್ತಕದ ಯಾವ ಮೂಲೆಯಲ್ಲೂ ಅವನ ಹೆಸರಿರಲಿಲ್ಲ.

ಆಮೇಲೆ ಮಾತಾಡುವ ಯಂತ್ರ ಬಂತು. ಲೇಖಕಿ ಎಳೆ ಮಗುವಿನ ಹಟದಿಂದ ಕೀಲಿಗಳನ್ನು ಕಲಿತಳು. ಕಲಿತ ಮೇಲೆ ಒಂದು ಬೆಳಿಗ್ಗೆ, “ಇನ್ನು ನೀನು ಬರೋದು ಬೇಡ ಲಿಪಿಕಾರ, ನಾನೇ ಬರ್ಕೋತೀನಿ” ಅಂದಳು. ಪಾಸ್‌ವರ್ಡನ್ನೂ ಅವತ್ತೇ ಬದಲಿಸಿದಳು. ಅವನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ.

ಆ ಪಾಸ್‌ವರ್ಡನ್ನು ಅವಳು ಮರೆತಳು. ಅಂಗಡಿಯವನು ನೋಡಿ, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುವುದು ಬಿಟ್ಟರೆ ಬೇರೆ ದಾರಿ ಇಲ್ಲ ಎಂದು ಕೈಚೆಲ್ಲಿದ. ಒಳಗೆ ಅವಳ ಕೊನೆಯ ಕಾದಂಬರಿ ಇತ್ತು, ಬೇರೆಲ್ಲೂ ಪ್ರತಿ ಇರಲಿಲ್ಲ. ಆಗ ಲಿಪಿಕಾರನಿಗೆ ಫೋನ್ ಬಂತು.

“ನಿನ್ನಿಂದ ಕಾಪಾಡೋಕೆ ಅಂತ್ಲೇ ಬೀಗ ಹಾಕಿದ್ದೆ. ಈಗ ಅದನ್ನ ತೆಗೆಯೋಕೂ ನೀನೇ ಬೇಕಾಯ್ತು ನೋಡು” ಎಂದು ನಕ್ಕಳು.

“ಒಂದು ಫೈಲೂ ಹೋಗದ ಹಾಗೆ ತೆಗೆದುಕೊಡ್ತೀನಿ, ಮೇಡಂ” ಅಂದ ಅವನು. ಆ ನಗು ಅವನ ಕಿವಿಯಲ್ಲೇ ಉಳಿಯಿತು.

ಫೈಲು ಹೋಗಬಾರದೆಂಬ ಆಸೆ ಅವಳಿಗಿಂತ ಅವನಿಗೇ ಹೆಚ್ಚಿತ್ತು. ಕಾದಂಬರಿಯನ್ನು ಕದ್ದರೆ ಸಿಕ್ಕಿಬೀಳುತ್ತಾನೆ. ಅದು ಅವಳ ಯಂತ್ರದಲ್ಲೇ, ಅವಳದಾಗಿಯೇ ಇರಬೇಕು. ಅದರ ಮೊದಲಿಗೆ ಒಂದೇ ಒಂದು ಪುಟ ಸೇರಬೇಕು: ಇದುವರೆಗಿನ ಪುಸ್ತಕಗಳನ್ನೆಲ್ಲ ನಾವಿಬ್ಬರೂ ಕೂಡಿ ಬರೆದೆವು, ಇದರ ಮೇಲಾದರೂ ಅವನ ಹೆಸರು ನನ್ನ ಹೆಸರಿನ ಪಕ್ಕದಲ್ಲಿರಲಿ ಎಂಬ ಪುಟ. ಅಂಥ ಪುಟವನ್ನು ಅವಳ ಉಸಿರಿನ ಲಯದಲ್ಲಿ ಬರೆಯಬಲ್ಲವನು ಲೋಕದಲ್ಲಿ ಅವನೊಬ್ಬನೇ. ಹಾಗೆ ಬರೆದ ಮೇಲೆ, ಅಲ್ಲ ಎನ್ನುವುದಕ್ಕೆ ಅವಳು ಇರಬಾರದು.

ಬೀಗ ತೆಗೆಯುವ ವಿದ್ಯೆಯನ್ನು ಅವನು ತನ್ನ ಹಳೆಯ ಕಂಪ್ಯೂಟರಿನ ಮೇಲೆ ಪಳಗಿಸಿಕೊಂಡ. ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಬೇಕು, ಮೊದಲು ಫೈಲುಗಳನ್ನೆಲ್ಲ ಹೊರಗೆ ಪ್ರತಿ ಮಾಡಿಕೊಳ್ಳಬೇಕು, ಆಮೇಲೆ ಹಳೆಯ ಪಾಸ್‌ವರ್ಡನ್ನು ಕಿತ್ತು ಹೊಸದನ್ನು ಕೂರಿಸಬೇಕು. ಒಳಗಿದ್ದದ್ದು ಕೂದಲಷ್ಟೂ ಕೊಂಕುವುದಿಲ್ಲ.

ಕೊಂಕಲೂ ಇಲ್ಲ. ಬೆಳಿಗ್ಗೆ ಅವನು ಲೇಖಕಿಯ ಮನೆಗೆ ಹೋದ; ಜೊತೆಗಿದ್ದ ಅವಳ ತಂಗಿ ಶಾಲೆಗೆ ಪಾಠ ಮಾಡಲು ಹೊರಡುವ ಮುನ್ನವೇ ಪರದೆ ತೆರೆಯಿತು, ಮೂಗಿನ ದನಿ ಮನೆಯೆಲ್ಲ ಕೇಳುವಂತೆ ಕೂಗಿತು.

“ಬಂತಪ್ಪ ಇದರ ಗಂಟಲು! ಮನೆ ಬಿಕೋ ಅಂತಿತ್ತು” ಎಂದಳು ತಂಗಿ.

“ಕಿವಿಗೆ ಹಾಕ್ಕೊಳ್ಳೋದು ತಂದ್ಕೊಡ್ಲಾ ಮೇಡಂ? ಬೇರೆಯವರಿಗೆ ತೊಂದರೆ ಆಗಲ್ಲ” ಎಂದ ಲಿಪಿಕಾರ.

“ಕಣ್ಣು ಮುಚ್ಚಿದೆ, ಕಿವಿನೂ ಮುಚ್ಕೊಂಡ್ರೆ ನಂಗೇನು ಉಳೀತು? ಕೂಗ್ಲಿ ಬಿಡು.” ಲೇಖಕಿ ಯಂತ್ರದ ಬೆನ್ನು ಸವರಿದಳು. ಕಾದಂಬರಿಯ ಮೊದಲ ಸಾಲನ್ನು ಅದು ಓದಿದಾಗ ಅವಳ ಕಣ್ಣಲ್ಲಿ ನೀರು ಬಂತು.

ಹೊಸ ಪಾಸ್‌ವರ್ಡನ್ನು ಅವನು ಅವಳ ಕಿವಿಯಲ್ಲಿ ಹೇಳಿದ. “ನಮ್ಮಿಬ್ಬರನ್ನ ಬಿಟ್ಟು ಮೂರನೆಯವರಿಗೆ ಗೊತ್ತಾಗೋದು ಬೇಡ.” ಅವಳು ತಲೆಯಾಡಿಸಿದಳು. ಅವನು ತಂಗಿಯ ಜೊತೆಗೇ ಹೊರಬಿದ್ದು, ಬಸ್ ನಿಲ್ದಾಣದವರೆಗೆ ಮಾತಾಡುತ್ತ ಹೋಗಿ, ಅವಳ ಎದುರಿಗೇ ಮುದ್ರಣಾಲಯದ ಕಡೆಯ ಬಸ್ಸು ಹತ್ತಿದ.

ಮಧ್ಯಾಹ್ನ ಮುದ್ರಣಾಲಯದಲ್ಲಿ ಯಂತ್ರಗಳ ಗದ್ದಲ ಏರಿದಾಗ ಕರಡು ತಿದ್ದುವವನ ಕೋಣೆಗೆ ಯಾರೂ ತಲೆ ಹಾಕುವುದಿಲ್ಲ. ಅವನು ಬಾಗಿಲೆಳೆದುಕೊಂಡು ಹಿಂದಿನ ಗಲ್ಲಿಯಿಂದ ಹೊರಟ. ಲೇಖಕಿಯ ಮನೆಯ ಹಿತ್ತಲ ಕಬ್ಬಿಣದ ಮೆಟ್ಟಿಲು ಅವನಿಗೆ ಹೊಸದಲ್ಲ; ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹತ್ತಿದ. ಲೇಖಕಿ ಊಟ ಮುಗಿಸಿ ಪಕ್ಕದ ಕೋಣೆಯಲ್ಲಿ ಮಲಗಿದ್ದಳು, ಸಣ್ಣ ಗೊರಕೆ ಕೇಳುತ್ತಿತ್ತು. ಬೆರಳ ಗುರುತಿನ ಚಿಂತೆಯೂ ಇರಲಿಲ್ಲ. ಬೆಳಿಗ್ಗೆ ಎಲ್ಲರ ಎದುರಿಗೇ ಅವನ ಬೆರಳು ಪ್ರತಿ ಕೀಲಿಯ ಮೇಲೂ ಬಿದ್ದಿತ್ತು.

ಪರದೆ ಬೆಳಗುವ ಮೊದಲೇ ಅವನು ಸದ್ದು ನಿಲ್ಲಿಸುವ ಕೀಲಿ ಒತ್ತಿ ಮೂಗಿನ ದನಿಯ ಬಾಯಿ ಮುಚ್ಚಿಸಿದ. ಅವಳು ಎಚ್ಚರಗೊಳ್ಳಬಾರದು ಎಂಬುದು ಒಂದು ಕಾರಣ; ತನ್ನ ಅನ್ನ ಕಸಿದ ಆ ಗಂಟಲನ್ನು ಹಿಸುಕುವ ಸುಖ ಇನ್ನೊಂದು. ಆಮೇಲೆ ಬರೆದ. ಎಷ್ಟೋ ಕಾಲದ ನಂತರ ಅವಳ ಮಾತು ಅವನ ಬೆರಳಿಗೆ ತಾನಾಗಿ ಬಂತು. ಅವಳು ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ‘ಇರಲಿ’ ಎಂದು ಮಾತು ತಿರುಗಿಸುತ್ತಾಳೆ, ಎಲ್ಲಿ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾಳೆ, ಎಲ್ಲವೂ ಬಂತು. ಒಮ್ಮೆ ಓದಿಕೊಂಡ. ಉಳಿಸಿದ. ಪುಟ ಬರೆದ ವೇಳೆಯನ್ನು ಯಂತ್ರ ತಾನೇ ದಾಖಲಿಸಿತು: ಎಲ್ಲರ ಲೆಕ್ಕದಲ್ಲಿ ಅವನು ಮುದ್ರಣಾಲಯದಲ್ಲಿದ್ದ ವೇಳೆ. ಪರದೆ ಆರಿಸಿ, ಮೆಟ್ಟಿಲ ತುದಿಯಲ್ಲಿ ಬಾಗಿಲ ಮರೆಗೆ ನಿಂತ.

ನಿದ್ದೆಯಿಂದೆದ್ದು ಹಿತ್ತಲಿಗಿಳಿದು ಗಾಳಿಗೆ ಕೂರುವುದು ಅವಳ ಅಭ್ಯಾಸ. ಬಂದಳು. ಕಂಬಿಗೆ ಕೈ ಚಾಚಿದವಳು ತಟ್ಟನೆ ನಿಂತು, ಮುಖ ತಿರುಗಿಸಿದಳು.

“ಲಿಪಿಕಾರ? ನೀನಾ?”

ಅವನು ಎರಡೂ ಕೈ ಚಾಚಿದ. ತಳ್ಳಿದ.

ಕುರುಡು ಹೆಂಗಸು, ಕಡಿದಾದ ಮೆಟ್ಟಿಲು. ಬಿದ್ದು ಸತ್ತಳೆಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಸಂಸ್ಕಾರ ಮುಗಿದ ಮರುದಿನ ಪೊಲೀಸ್ ಅಧಿಕಾರಿಣಿಯೊಬ್ಬಳು ಹೇಳಿಕೆ ಬರೆದುಕೊಂಡು ಹೋಗಲು ಬಂದಳು. ಯಂತ್ರವನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ, ಮುಟ್ಟಿದರೂ ತೆರೆಯಲು ಬರುತ್ತಿರಲಿಲ್ಲ. “ಅವತ್ತು ಏನೋ ಬರೀಬೇಕು ಅಂತಿದ್ರು ಮೇಡಂ. ಒಂದ್ಸಲ ನೋಡೋಣ್ವಾ?” ಎಂದು ಅಲ್ಲೇ ಇದ್ದ ಲಿಪಿಕಾರನೇ ಮಾತು ತೆಗೆದ. “ಪಾಸ್‌ವರ್ಡ್ ಅವರನ್ನ ಬಿಟ್ರೆ ನನಗೊಬ್ಬನಿಗೇ ಗೊತ್ತಿರೋದು.” ತಾನೇ ಕೂತು ತೆರೆದ.

ಕೋಣೆಯ ನಿಶ್ಶಬ್ದ ಅವನಿಗೆ ಹಿತವಾಗಿತ್ತು. ಅಧಿಕಾರಿಣಿ ಪುಟ ಬರೆದ ವೇಳೆ ನೋಡಿ, “ಬೀಳೋಕೆ ಸ್ವಲ್ಪ ಮುಂಚೆ” ಎಂದು ಗುರುತು ಹಾಕಿಕೊಂಡಳು. ತಂಗಿ ಪುಟವನ್ನು ಓದಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಅವನ ಹೆಗಲ ಮೇಲೆ ಕೈಯಿಟ್ಟಳು. ಅವನ ಎದೆ ಹಗುರಾಯಿತು. “ಅಕ್ಕನ ಕೊನೇ ಮಾತು. ಅದರ ದನಿಯಲ್ಲೇ ಒಂದ್ಸಲ ಕೇಳಿಸ್ಕೋತೀನಿ” ಎಂದು ಅವಳು, ಅಕ್ಕ ಒತ್ತುತ್ತಿದ್ದ ಕೀಲಿಯನ್ನು ಒತ್ತಿದಳು. ಕಾದಳು. ಇನ್ನೊಮ್ಮೆ ಒತ್ತಿದಳು. “ಯಾಕೆ ಇದು ಮಾತಾಡ್ತಿಲ್ಲ?” ಅಧಿಕಾರಿಣಿ ಬಗ್ಗಿ ನೋಡಿ, ಪರದೆಯ ಮೂಲೆಯಲ್ಲಿ ಗೀಟು ಎಳೆದಿದ್ದ ಪುಟ್ಟ ಸ್ಪೀಕರಿನ ಗುರುತಿನ ಮೇಲೆ ಬೆರಳಿಟ್ಟಳು. “ಸೌಂಡ್ ಆಫ್ ಮಾಡಿದಾರೆ.” ತಂಗಿಯ ಕೈ ಅವನ ಹೆಗಲಿನಿಂದ ಮೆಲ್ಲಗೆ ಕೆಳಗಿಳಿಯಿತು. “ಇದು ಸುಮ್ಮನಿದ್ರೆ ಅಕ್ಕನಿಗೆ ಒಂದಕ್ಷರ ಬರೆಯೋಕೆ ಬರ್ತಿರಲಿಲ್ಲ” ಎಂದಳು, ಪರದೆಯನ್ನಲ್ಲ, ಅವನನ್ನು ನೋಡುತ್ತ.