ದೇವೀರಿಯ ಹಿಂದಿನ ಸೀಟು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಮುತ್ತುಗನಾಡು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಸಾವಿರ ಕುದುರೆ, ನೂರು ಆನೆ, ಒಂದೇ ಒಂದು ಸ್ಕೂಟರ್ ಇದ್ದವು. ಆ ಕಾಲಕ್ಕೆ ಸ್ಕೂಟರ್ ಎಲ್ಲಿಂದ ಬಂತು ಎಂದು ಕೇಳುವವರು ಕತೆ ಮುಗಿಯುವ ತನಕ ಸುಮ್ಮನಿರಬೇಕು. ಇತ್ತು ಅಂದರೆ ಇತ್ತು. ಹಸಿರು ಬಣ್ಣದ್ದು, ಪುಟ್ಟದು. ಹಾರನ್ ಕೆಟ್ಟಿತ್ತು, ಸೀಟು ಮಾತ್ರ ಮೆತ್ತಗಿತ್ತು.

ಅದು ದೇವೀರಿ ಎಂಬ ಹುಡುಗಿಯದು. ಅವಳ ತಾಯಿ ಸೂಲಗಿತ್ತಿ. ಯಾರ ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೂ ದೇವೀರಿ ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದಳು. ತಿರುವು ಬಂದಾಗ ಮಗಳು ಎತ್ತ ವಾಲಿದರೆ ತಾಯಿಯೂ ಅತ್ತಲೇ ವಾಲುತ್ತಿದ್ದಳು. ಹೇಳಬೇಕಾಗಿಯೇ ಇರಲಿಲ್ಲ.

ಆ ರಾಜ್ಯದ ಮೇಲೆ ಧೂಮಕೇಶ ಎಂಬ ಮಾಂತ್ರಿಕನ ಕಣ್ಣು ಬಿದ್ದಿತು. ಅವನ ತಲೆಯಲ್ಲಿ ಕೂದಲಿರಲಿಲ್ಲ, ಹೊಗೆಯಿತ್ತು. ಅವನ ಶಕ್ತಿಯೆಲ್ಲ ಆ ಹೊಗೆಯಲ್ಲೇ ಇದ್ದುದರಿಂದ ಹುಟ್ಟಿದಾಗಿನಿಂದ ಅವನು ಸ್ನಾನ ಮಾಡಿರಲಿಲ್ಲ. ರಾಣಿ ಬಸುರಿ ಎಂದು ತಿಳಿದ ದಿನ ಅವನು ಅರಮನೆಗೆ ಬಂದು ಶಾಪ ಹಾಕಿದ.

"ಸೂಲಗಿತ್ತಿಯ ಕೈಗೆ ಬೀಳದೆ ಹುಟ್ಟಿದರೆ ಈ ಮಗು ನನ್ನದು. ರಾಜ್ಯವೂ ನನ್ನದು."

ಹಾಗೆಂದು ಮಂತ್ರದ ಪುಡಿ ಊದಿದ. ನಾಡಿನ ಸೂಲಗಿತ್ತಿಯರೆಲ್ಲ ಗೂಬೆಗಳಾದರು. ದೇವೀರಿಯ ತಾಯಿ ಮನೆ ಮುಂದಿನ ಹುಣಸೆಮರದಲ್ಲಿ ಹೋಗಿ ಕೂತಳು. ದೇವೀರಿ ದಿನಾ ಮರದ ಕೆಳಗೆ ಊಟ ಇಟ್ಟು, ತಲೆಯೆತ್ತಿ ನೋಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಹಿಂದಿನ ಸೀಟು ಆರು ತಿಂಗಳು ಖಾಲಿ ಉಳಿಯಿತು.

ಒಂದು ಬೆಳಿಗ್ಗೆ ರಾಣಿಗೆ ನೋವು ಶುರುವಾಯಿತು. ಅದೇ ಹೊತ್ತಿಗೆ ಧೂಮಕೇಶನಿಗೆ ಏಳು ತಿರುವಿನ ಬೆಟ್ಟದಾಚೆಯ ಸಿದ್ದಜ್ಜಿಯ ನೆನಪಾಯಿತು. ಅವಳೂ ಸೂಲಗಿತ್ತಿ, ಅವಳನ್ನು ಮರೆತೇಬಿಟ್ಟಿದ್ದ. ಪುಡಿಯೂ ಮುಗಿದಿತ್ತು. ಆದ್ದರಿಂದ ಬೇರೆ ಮಂತ್ರ ಹಾಕಿದ: ಮೂಗಿರುವ ಯಾವ ವಾಹನವೂ ಇಂದು ಏಳಕೂಡದು. ಸಾವಿರ ಕುದುರೆ, ನೂರು ಆನೆ, ಗಾಡಿಯ ಎತ್ತುಗಳೆಲ್ಲ ಗೊರಕೆ ಹೊಡೆಯತೊಡಗಿದವು. ರಾಜ ತಲೆಯ ಮೇಲೆ ಕೈಹೊತ್ತು ಕೂತ.

ದೇವೀರಿ ಅರಮನೆಯ ಬಾಗಿಲಿಗೆ ಬಂದಳು. "ಬುದ್ದೀ, ನನ್ನ ಗಾಡಿಗೆ ಮೂಗಿಲ್ಲ. ಬೆಟ್ಟದಾಚೆಯ ಸಿದ್ದಜ್ಜಿನ ಕರ್ಕೊಂಡು ಬರ್ತೀನಿ," ಎಂದಳು.

"ಹಾಗಾದರೆ ಹೋಗು ತಾಯಿ, ಬೇಗ ಹೋಗು," ಎಂದ ರಾಜ.

ದಾರಿಯಲ್ಲಿ ಒಂದು ಸೇತುವೆ. ಅದರ ಮೇಲೆ ಎರಡು ತಲೆಯ ಕತ್ತೆಕಿರುಬ ಕಾವಲಿತ್ತು. ಮಾಂತ್ರಿಕ ಅದನ್ನು ಅವಸರದಲ್ಲಿ ಮಾಡಿದ್ದರಿಂದ ಎರಡೂ ತಲೆ ನೆಲ ನೋಡುತ್ತಿದ್ದವು, ಮೇಲೇಳುತ್ತಿರಲಿಲ್ಲ. ಅದು ದೇವೀರಿಯ ನೆರಳನ್ನು ನೋಡಿ, "ಒಂದು ನೆರಳು. ಹೋಗು. ಬರುವಾಗ ಎರಡಾದರೆ ನುಂಗುತ್ತೇನೆ," ಎಂದಿತು.

ಬೆಟ್ಟದಾಚೆ ಸಿದ್ದಜ್ಜಿ ಸ್ಕೂಟರಿನ ಸುತ್ತ ಎರಡು ಸುತ್ತು ಬಂದಳು.

"ಎಪ್ಪತ್ತು ವರ್ಸ ಎತ್ತಿನ ಗಾಡೀಲಿ ತಿರುಗ್ದೋಳು ಕಣವ್ವ ನಾನು. ಇದರ ಮ್ಯಾಲೆ ಹೆಂಗೆ ಕುಂತ್ಕೊಳ್ಳಾದು?"

"ನನ್ನ ಸೊಂಟ ಹಿಡ್ಕೊಂಡು ಕುಂತ್ಕೊ ಅಜ್ಜಿ."

"ಯಾರ ಸೊಂಟಾನೂ ಹಿಡಿಯಾಕಿಲ್ಲ ನಾನು," ಎಂದು ಅಜ್ಜಿ ಒಂದೇ ಕಡೆಗೆ ಕಾಲು ಇಳಿಬಿಟ್ಟು, ಹೆರಿಗೆ ಸಾಮಾನಿನ ಗಂಟನ್ನು ತಬ್ಬಿಕೊಂಡು ಕೂತಳು.

ಬೆಟ್ಟದ ಮೊದಲ ತಿರುವು ಹೇಗೋ ಕಳೆಯಿತು. ಎರಡನೆಯದರಲ್ಲಿ ಸ್ಕೂಟರ್ ಎಡಕ್ಕೆ ವಾಲಿತು, ಅಜ್ಜಿ ಬಲಕ್ಕೆ ವಾಲಿದಳು. ಮೂರನೆಯದರಲ್ಲಿ ದೇವೀರಿ ಬಲಕ್ಕೆ, ಅಜ್ಜಿ ಎಡಕ್ಕೆ. ಇಬ್ಬರೂ ಲಂಟಾನ ಪೊದೆಯೊಳಗೆ ಬಿದ್ದರು.

"ಅತ್ಲಾಗೆ ಯಾಕಜ್ಜಿ ವಾಲಿದೆ?"

"ಗಾಡಿ ಎಡಕ್ಕೆ ವಾಲಿದ್ರೆ ನಾವು ಬಲಕ್ಕೆ ವಾಲಬೇಕು. ಇಲ್ದಿದ್ರೆ ಮಗುಚ್ಕೋತದೆ. ನಮ್ಮಪ್ಪ ಹೇಳ್ಕೊಟ್ಟದ್ದು."

ದೇವೀರಿಗೆ ನಗು ಬಂತು, ಅಳುವೂ ಬಂತು. "ಇದಕ್ಕೆ ಎರಡೇ ಚಕ್ರ ಅಜ್ಜಿ. ನಾನು ವಾಲಿದ ಕಡೆಗೇ ನೀನೂ ವಾಲು. ಭಯ ಆದ್ರೆ ಕಣ್ಣು ಮುಚ್ಕೊ, ಆದ್ರೆ ನನ್ನ ಜೊತೆ ಬಾ."

ಅಜ್ಜಿ ಮಂಡಿಯ ಮಣ್ಣು ಕೊಡವಿಕೊಂಡು ಹತ್ತಿದಳು. ಈ ಸಲ ದೇವೀರಿಯ ಸೆರಗಿನ ತುದಿ ಹಿಡಿದಳು. ನಾಲ್ಕನೆಯ ತಿರುವಿನಲ್ಲಿ ಸ್ವಲ್ಪ ವಾಲಿದಳು. ಏಳನೆಯದರಲ್ಲಿ, "ಉಯ್ಯಾಲೆ ಆಡ್ದಂಗೆ ಆಯ್ತದಲ್ಲವ್ವ," ಎಂದಳು.

ಸೇತುವೆ ಬಂತು. ಕತ್ತೆಕಿರುಬದ ನಾಲ್ಕು ಕಣ್ಣೂ ನೆಲದ ಮೇಲಿದ್ದವು.

"ಅಜ್ಜಿ, ಈಗ ನನ್ನ ಸೊಂಟ ಹಿಡೀಲೇಬೇಕು," ಎಂದು ದೇವೀರಿ ಪಿಸುಗುಟ್ಟಿದಳು.

ಅಜ್ಜಿ ಎರಡೂ ಕೈಯಲ್ಲಿ ಬಿಗಿಯಾಗಿ ಅವಚಿಕೊಂಡು ಕೆನ್ನೆಯನ್ನು ಅವಳ ಬೆನ್ನಿಗಿಟ್ಟಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹಾಗೆ ಇಬ್ಬರೂ ಒಂದಾದರು. ಮೃಗದ ಒಂದು ತಲೆ ಎಣಿಸಿತು, ಇನ್ನೊಂದು ತಲೆ ಮತ್ತೆ ಎಣಿಸಿತು.

"ಒಂದು ನೆರಳು. ದಪ್ಪಗಿದೆ. ಆದರೂ ಒಂದೇ," ಎಂದು ದಾರಿ ಬಿಟ್ಟಿತು.

ಬಯಲಿಗೆ ಬಂದಾಗ ಒಬ್ಬ ಮುದುಕ ಕುಂಟುತ್ತಾ ಹೋಗುತ್ತಿದ್ದ. ಕೈಯೆತ್ತಿ ನಿಲ್ಲಿಸಿದ. ಹೊತ್ತಿಲ್ಲ ಎಂದು ದೇವೀರಿ ಅಂದರೂ ಅಜ್ಜಿ ಬಿಡಲಿಲ್ಲ. "ನಡೆಯೋರನ್ನ ಬಿಟ್ಟು ಗಾಡಿ ಓಡಿಸ್ಬಾರದು ಕಣವ್ವ," ಎಂದು ಮುಂದಕ್ಕೆ ಸರಿದು ಜಾಗ ಕೊಟ್ಟಳು. ಮುದುಕ ಹತ್ತಿ ಕೂತ. ಅವನ ಪೇಟದ ಸಂದಿಯಿಂದ ಹೊಗೆ ಹೊರಬಂತು.

"ಇಳಿಸಿ ನೋಡಿ," ಎಂದು ಧೂಮಕೇಶ ನಕ್ಕ. ಕೂತಲ್ಲೇ ಭಾರವಾಗತೊಡಗಿದ. ಅಕ್ಕಿಮೂಟೆಯಷ್ಟಾದ, ರಾಗಿಕಲ್ಲಿನಷ್ಟಾದ, ಬಂಡೆಯಷ್ಟಾದ. ಸ್ಕೂಟರ್ ಗುರುಗುಟ್ಟುತ್ತಾ ಆಮೆಯ ಹಾಗೆ ತೆವಳಿತು. ಅರಮನೆಯ ಗೋಪುರ ಕಾಣುತ್ತಿತ್ತು, ರಾಣಿಯ ಕೂಗು ಕೇಳುತ್ತಿತ್ತು. ಈ ಮಗುವೂ ಹೋಯಿತು, ಅಮ್ಮನೂ ಮರದಲ್ಲೇ ಉಳಿದಳು ಅನ್ನಿಸಿತು ದೇವೀರಿಗೆ.

"ತಪ್ಪು ನಂದೇ," ಎಂದಳು ಅಜ್ಜಿ. "ಮುಂದೆ ಏನೈತವ್ವ?"

"ಇಳಿಜಾರು. ಆಮೇಲೆ ಎಡಕ್ಕೆ ತಿರುವು. ಬಲಕ್ಕೆ ಅರಮನೆ ಕೆರೆ."

ಅಜ್ಜಿ ದೇವೀರಿಯ ಸೊಂಟವನ್ನು ಒಮ್ಮೆ ಒತ್ತಿ ಹಿಡಿದಳು.

ಇಳಿಜಾರು ಶುರುವಾಯಿತು. ಅಷ್ಟು ಹೊತ್ತು ತಡೆದು ನಿಲ್ಲಿಸಿದ ಭಾರವೇ ಈಗ ಸ್ಕೂಟರನ್ನು ನೂಕಿತು. ಗಾಳಿ ಕಿವಿಯಲ್ಲಿ ಸಿಳ್ಳೆ ಹಾಕಿತು. ಜನ್ಮದಲ್ಲಿ ಮೋಡದ ಮೇಲೆ ಬಿಟ್ಟು ಬೇರೆಲ್ಲೂ ಕೂರದ ಧೂಮಕೇಶನಿಗೆ ಭಯವಾಯಿತು.

"ಏ ಮುದುಕಿ, ಇದು ಮಗುಚುತ್ತದೆಯೇ?"

"ಮಗುಚ್ದೆ ಏನು? ನಾನೂ ಬಿದ್ದೆ ಬೆಳಿಗ್ಗೆ," ಎಂದಳು ಅಜ್ಜಿ. "ಗಾಡಿ ಎಡಕ್ಕೆ ವಾಲಿದ್ರೆ ನೀನು ಬಲಕ್ಕೆ ವಾಲ್ಬೇಕು ಕಣಯ್ಯ. ಚೆನ್ನಾಗಿ ವಾಲು. ನಮ್ಮಪ್ಪ ಹೇಳ್ಕೊಟ್ಟದ್ದು."

ತಿರುವು ಬಂತು. ದೇವೀರಿ ಎಡಕ್ಕೆ ವಾಲಿದಳು. ಅಜ್ಜಿಯೂ ಎಡಕ್ಕೇ ವಾಲಿದಳು, ಇಬ್ಬರಿಗೂ ಒಂದೇ ಬೆನ್ನು ಎಂಬಂತೆ. ಧೂಮಕೇಶ ತನ್ನ ಬಂಡೆಯಷ್ಟು ಭಾರವನ್ನೆಲ್ಲ ಬಲಕ್ಕೆ ಹಾಕಿದ. ಸೀಟು ಬಿಟ್ಟು ಹಾರಿ ನೇರ ಕೆರೆಗೆ ಬಿದ್ದ. ಚೊಂಯ್ ಎಂದು ಸದ್ದಾಯಿತು. ಹೊಗೆ ಆರಿತು. ನೀರಿನ ಮೇಲೆ ಒಂದು ಒದ್ದೆ ಪೇಟ ಮಾತ್ರ ತೇಲಿತು.

ಲಾಯದಲ್ಲಿ ಸಾವಿರ ಕುದುರೆ ಒಟ್ಟಿಗೆ ಕೆನೆದವು. ಸೇತುವೆಯ ಮೃಗ ಎರಡೂ ತಲೆಯೆತ್ತಿ ಮೊದಲ ಬಾರಿ ಆಕಾಶ ನೋಡಿ, ಬೆರಗಾಗಿ ಕಾಡಿಗೆ ಹೋಯಿತು. ಅಜ್ಜಿ ಸ್ಕೂಟರ್ ನಿಲ್ಲುವ ಮೊದಲೇ ಇಳಿದು ಒಳಗೆ ಓಡಿದಳು. ರಾಜಕುಮಾರಿ ಅವಳ ಎರಡೂ ಕೈಗಳೊಳಗೆ ಬಂದು ಬಿದ್ದು, ಇಡೀ ಅರಮನೆಗೆ ಕೇಳುವಂತೆ ಅತ್ತಳು. ರಾಜನೂ ಅಷ್ಟೇ ಜೋರಾಗಿ ಅತ್ತ.

ಏನು ಬೇಕು ಕೇಳು ಎಂದ ರಾಜನಿಗೆ ದೇವೀರಿ, "ಮನೆಗೆ ಹೋಗ್ಬೇಕು ಬುದ್ದೀ," ಎಂದಷ್ಟೇ ಹೇಳಿದಳು.

ಹುಣಸೆಮರದ ಕೊಂಬೆಯ ಮೇಲೆ ಅವಳ ತಾಯಿ ಸೀರೆ ಸರಿಮಾಡಿಕೊಳ್ಳುತ್ತಾ ಕೂತಿದ್ದಳು. "ಏಣಿ ತಾರೆ ದೇವೀ, ಎಷ್ಟೊತ್ತಿಂದ ಕಾಯ್ಲಿ," ಎಂದಳು. ಇಳಿದವಳು ಮಗಳ ಕೆನ್ನೆ ಸವರಿ, ಕೂಸನ್ನು ನೋಡಲೇಬೇಕೆಂದು ಸ್ಕೂಟರಿನ ಹಿಂದೆ ಹತ್ತಿ ಕೂತಳು. ಕೆರೆಯ ತಿರುವಿನಲ್ಲಿ ದೇವೀರಿ ಎಡಕ್ಕೆ ವಾಲಿದಳು. ಹಿಂದಿನಿಂದ ತಾಯಿಯೂ ವಾಲಿದಳು, ಹೇಳದೆಯೇ.

ಅಂದಿನಿಂದ ಮುತ್ತುಗನಾಡಿನಲ್ಲಿ ಹುಟ್ಟಿದ ಮಕ್ಕಳೆಲ್ಲ ಒಳ್ಳೆಯ ಕೈಗೆ ಬಿದ್ದರು, ದೊಡ್ಡವರೆಲ್ಲ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಬಾಳಿದರು. ಸ್ಕೂಟರ್ ಎಲ್ಲಿಂದ ಬಂತು ಎಂದು ಈಗ ಕೇಳಬಹುದು. ನನಗೂ ಗೊತ್ತಿಲ್ಲ. ಹಿಂದಿನ ಸೀಟು ಮಾತ್ರ ಮತ್ತೆ ಒಂದು ದಿನವೂ ಖಾಲಿ ಇರಲಿಲ್ಲ.