ಬದನೆ ಬೀಜದ ಪಂದ್ಯ

"ಹದಿನಾಲ್ಕು ದಿನ ಆಯ್ತು ಸಾರ್, ಒಂದು ಮೊಳಕೆ ಇಲ್ಲ. ನಿಮ್ಮ ಟ್ರೇ ಸೋತ್ಬುಡ್ತು, ಒಪ್ಕೊಳ್ಳಿ!"

ಸುಚಿತ್ರಾ ಬೇಕೆಂದೇ ಜಂಬದಿಂದ ಹೇಳಿದಳು. ಬೋಗಾದಿಯ ಆ ಬಾಡಿಗೆ ಮನೆಗಳ ಮೆಟ್ಟಿಲ ತಿರುವಿನಲ್ಲಿ, ಗಾಜಿನ ಕಿಟಕಿಯ ಪಕ್ಕ ಇಬ್ಬರ ಪಂದ್ಯ ನಡೆದಿತ್ತು. ಹೆಸರುಕಾಳು ಮೊಳಕೆ ಕಟ್ಟುವ ಹಾಗೆ ಈರನಗೆರೆ ತಳಿಯ ಬದನೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಡಬ್ಬಿಯಲ್ಲಿಟ್ಟವಳು ಕೆಳಮನೆಯ ಇವಳು. ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಅದೇ ಬೀಜ ಊರಿದವನು ಮೇಲ್ಮನೆಯಲ್ಲಿ ಒಬ್ಬನೇ ಇರುವ ಸಿದ್ದರಾಜು, ಐಟಿಐ ಮೇಷ್ಟ್ರು. ಬಟ್ಟೆಯ ಬೀಜ ಆರನೇ ದಿನಕ್ಕೇ ಬಾಯಿ ಬಿಟ್ಟಿತ್ತು.

ಗೆದ್ದರೂ ಸುಚಿತ್ರಾಳಿಗೆ ಖುಷಿಯಿಲ್ಲ. ವಿಚ್ಛೇದನವಾಗಿ ನಾಲ್ಕು ವರ್ಷ. ದಿನವಿಡೀ ಲ್ಯಾಬಿನಲ್ಲಿ ಜನರ ರಕ್ತ ತೆಗೆದು ಮನೆಗೆ ಬಂದರೆ ಕುಕ್ಕರ್ ಕೂಗಿದ್ದೇ ಮಾತು. ಹಿನಕಲ್‌ನ ಅಕ್ಕ, "ಬಂದ್ಬುಡು, ನಮ್ ಜೊತೇಲೇ ಇರು" ಅಂತ ಪಟ್ಟು ಹಿಡಿದಿದ್ದಳು. ಮನೆ ಬಿಡುವುದೋ ಬೇಡವೋ, ಇವತ್ತು ಸಂಜೆಯೊಳಗೆ ಓನರ್‌ಗೆ ಹೇಳಬೇಕು. ಬೀಜ ನೋಡುವ ನೆಪದಲ್ಲಿ ದಿನಾ ಹತ್ತು ನಿಮಿಷ ಹರಟುವ ಈ ಮನುಷ್ಯ "ಹೋಗ್ಬೇಡಿ" ಅಂದಿದ್ದರೆ ಸಾಕಿತ್ತು, ಇದ್ದುಬಿಡುತ್ತಿದ್ದಳು. ಅವನೋ, ಸುದ್ದಿ ಕೇಳಿ, "ಹಿನಕಲ್ ಹತ್ರಾನೇ ಬಿಡಿ" ಅಂದಿದ್ದ. ಹತ್ತಿರವಂತೆ, ಹತ್ತಿರ!

ಸಿದ್ದರಾಜು ಟ್ರೇಯನ್ನು ಬೆರಳಿನಿಂದ ಒತ್ತಿದ. ನೀರು ಜಿನುಗಿತು.

"ಬೀಜ ಕೊಳೆತಿದೆ ಮೇಡಂ. ನಾನು ಬೆಳಿಗ್ಗೆ ಒಂದೇ ಸಲ ನೀರು ಚಿಮುಕಿಸ್ತಿದ್ದದ್ದು. ಇಷ್ಟು ನೀರು ಎಲ್ಲಿಂದ ಬಂತೋ!"

ಸುಚಿತ್ರಾ ನಾಲಿಗೆ ಕಚ್ಚಿಕೊಂಡಳು.

"ಸಂಜೆ ಹೊತ್ತು... ನಾನೂ ಹಾಕ್ತಿದ್ದೆ."

"ನೀವಾ? ನನ್ನ ಟ್ರೇಗಾ?"

"ಒಣಗಿದ ಹಾಗೆ ಕಾಣ್ತಿತ್ತು. ನೀವು ಸೋತ್ರೆ ಇಳಿದು ಬರೋದೇ ನಿಲ್ಲಿಸ್ಬಿಡ್ತೀರೇನೋ ಅಂತ ಭಯ ಆಯ್ತು ಕಣ್ರೀ!"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮತ್ತೆ ಹಾಕಿಕೊಂಡು, ಮೊದಲ ಸಲ ಅವಳ ಮುಖವನ್ನೇ ನೆಟ್ಟಗೆ ನೋಡಿದ.

"ಕೊಳೆತಿದ್ದು ನಂಗೆ ಎಂಟನೇ ದಿನಾನೇ ಗೊತ್ತಾಗಿತ್ತು."

"ಮತ್ತೆ ದಿನಾ ಬಂದು 'ಇನ್ನೆರಡು ದಿನ ನೋಡೋಣ' ಅಂತಿದ್ರಲ್ಲ!"

"ಮುಗೀತು ಅಂದ್ಬಿಟ್ರೆ ನಾನು ಯಾವ ಮುಖ ಇಟ್ಕೊಂಡು ಬರ್ಲಿ?"

ಅಷ್ಟರಲ್ಲಿ ಗೇಟಿನಿಂದ ಓನರ್ ಚಿಕ್ಕಯ್ಯನವರ ಕೂಗು. "ಏನಮ್ಮಾ ಸುಚಿತ್ರಾ, ಮನೆ ಖಾಲಿ ಮಾಡ್ತೀಯೋ ಎಂಗೆ? ನೋಡಕ್ಕೆ ಜನ ಬಂದವ್ರೆ!"

ಸುಚಿತ್ರಾ ಬಾಯಿ ತೆರೆಯುವ ಮೊದಲೇ, ಎಂದೂ ದನಿಯೆತ್ತದ ಸಿದ್ದರಾಜು ಕಿಟಕಿಯಿಂದ ತಲೆ ಹೊರಹಾಕಿ, "ಅವರೆಲ್ಲೂ ಹೋಗಲ್ಲ ಚಿಕ್ಕಯ್ಯನವ್ರೇ!" ಅಂತ ಕೂಗಿಯೇಬಿಟ್ಟ. ಕೂಗಿದ ಮೇಲೆ ತಾನೇ ಬೆಚ್ಚಿ ಅವಳತ್ತ ತಿರುಗಿದ.

"ಹೋಗಲ್ಲ ತಾನೇ?"

"ಹೋಗಲ್ಲ" ಅಂದಳು. ಕಣ್ಣು ತುಂಬಿ ಬಂದಿತ್ತು. "ಒಬ್ಳೇ ಕೂತು ಊಟ ಮಾಡಿ ಮಾಡಿ ಸಾಕಾಗಿದೆ ಸಿದ್ದರಾಜು."