ಉತ್ತರ ಕೊಡದ ಸಂದೇಶ

ನಾನು ಹುಟ್ಟುವ ಮೊದಲೇ ಯುದ್ಧಕ್ಕೆ ಹೋಗಿ ಮರಳದ ಅಜ್ಜ ರೇಡಿಯೋ ಆಪರೇಟರ್. ಅವರ ಫೋಟೋ ನೋಡಿ ಅದೇ ಸಮವಸ್ತ್ರ ಹೊಲಿಸಿದೆ, ಪ್ಲೈವುಡ್ಡಿನಲ್ಲಿ ರೇಡಿಯೋ, ಸಂಕೇತ ಒತ್ತಿ ಕಳಿಸುವ ಕೀ ಎರಡನ್ನೂ ಮಾಡಿದೆ. ಒಳಗೆ ಒಂದು ತಂತಿಯೂ ಇಲ್ಲ. ಒಂದು ಮಧ್ಯಾಹ್ನ ಸಮವಸ್ತ್ರ ತೊಟ್ಟು, ಗುಜರಿಯಲ್ಲಿ ಸಿಕ್ಕ ಹೆಡ್‌ಫೋನ್ ಹಾಕಿಕೊಂಡೆ. ಯಾರೋ ಈಗಷ್ಟೇ ತೆಗೆದಿಟ್ಟಂತೆ ಬೆಚ್ಚಗಿತ್ತು. ಒಳಗಿಂದ ಮೋರ್ಸ್ ಸಂಕೇತದ ಟಿಕ್‌ಟಿಕ್ ಸದ್ದು ಕೇಳಿಸುತ್ತಿತ್ತು.

ಪಕ್ಕದ ಮನೆಯ ನಿವೃತ್ತ ಆಪರೇಟರನ್ನು ಕರೆತಂದೆ. ಅವರು ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಆಲಿಸಿದರು.

"ನಿನ್ನ ಹೆಸರೇ ಕಣೋ. ಮತ್ತೆ ಮತ್ತೆ ಕರೀತಿದಾರೆ."

"ತಮಾಷೆ ಬೇಡ ಅಂಕಲ್."

"ಈ ವಯಸ್ಸಲ್ಲಿ ನಂಗೆ ತಮಾಷೆ ಬೇರೆ ಕೇಡು! ತಲುಪ್ತು ಅಂತ ನೀನು ಕೀ ಒತ್ತೋವರೆಗೂ ಕಳಿಸ್ತಾನೇ ಇರ್ತಾರೆ. ಅದು ನಮ್ಮ ನಿಯಮ. ಒತ್ತಿಬಿಡು, ನಿಲ್ಲಿಸ್ತಾರೆ."

ಅಮ್ಮ ತೀರಿಕೊಂಡ ಮೇಲೆ ಈ ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆದವರಿಲ್ಲ. ಆ ಮಧ್ಯಾಹ್ನ ಕಳೆದು ಮೂರು ವರ್ಷವಾಯಿತು. ನಾನಿನ್ನೂ ಕೀ ಒತ್ತಿಲ್ಲ.